ಯಾರು ನೋಡಬಹುದು ಎಂಬ ಒಂದು ಸಾಲು

ಮಳವಳ್ಳಿಯ ಆ ಲ್ಯಾಬಿನ ಹಿಂದಿನ ಕೋಣೆಗೆ ಒಂದು ಕಿಟಕಿ ಇತ್ತು. ಅದಕ್ಕೆ ಅಡ್ಡವಾಗಿ ರಕ್ತದ ಮಾದರಿಗಳನ್ನಿಡುವ ಫ್ರಿಜ್ಜನ್ನು ನಿಲ್ಲಿಸಿದ್ದರಿಂದ ಹಗಲಿನಲ್ಲೂ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಫ್ರಿಜ್ಜಿನ ಪಕ್ಕದಲ್ಲಿ ರಕ್ತದ ಟ್ಯೂಬುಗಳನ್ನು ಗರಗರ ತಿರುಗಿಸುವ ಯಂತ್ರ, ಅದರ ಆಚೆಗೆ ಕರೆಂಟು ಹೋದಾಗಲೆಲ್ಲ ಕೂಗುವ ಯುಪಿಎಸ್, ಇವುಗಳ ನಡುವೆ ನನಗೆಂದು ಒಂದು ಮೇಜು, ಒಂದು ಕುರ್ಚಿ. ಕುರ್ಚಿ ಹಿಂದಕ್ಕೆ ಸರಿದರೆ ಯಂತ್ರದ ಸ್ಟ್ಯಾಂಡಿಗೆ ತಾಗುತ್ತಿತ್ತು. ಹಾಗಾಗಿ ಯಂತ್ರ ತಿರುಗುತ್ತಿರುವಷ್ಟು ಹೊತ್ತು ನಾನು ಏಳುವಂತಿರಲಿಲ್ಲ. ಅಲ್ಲಿಗೆ ಹೋದ ಮೊದಲ ದಿನವೇ ಲ್ಯಾಬಿನ ಹುಡುಗಿಯೊಬ್ಬಳು ಇದನ್ನು ಹೇಳಿ ಹೊರಗೆ ಹೋದಳು.

ನಾನು ಕೆಲಸ ಮಾಡುವುದು ಮಂಡ್ಯದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ. ಮನೆ ಮದ್ದೂರಿನಲ್ಲಿ. ಮಳವಳ್ಳಿಯಲ್ಲಿ ನನಗೆ ಯಾರೂ ಇಲ್ಲ. ಅಲ್ಲಿ ಹೋಗಿ ಕೂರಬೇಕಾದದ್ದು ಲ್ಯಾಬ್ ನಡೆಸುತ್ತಿದ್ದ ಡಾಕ್ಟರಮ್ಮನ ಷರತ್ತಿನಿಂದ.

ನಡೆದದ್ದು ಇಷ್ಟು. ಲ್ಯಾಬು ಮಳವಳ್ಳಿಯಲ್ಲಿ. ಮದ್ದೂರು, ಹಲಗೂರು, ಇನ್ನೂ ಒಂದೆರಡು ಕಡೆ ಅವರ ಸಂಗ್ರಹ ಕೇಂದ್ರಗಳು. ಅಲ್ಲಿ ರಕ್ತ ತೆಗೆದು ಇಲ್ಲಿಗೆ ಕಳಿಸುತ್ತಾರೆ, ರಿಪೋರ್ಟು ಕಂಪ್ಯೂಟರಿನಲ್ಲಿ ವಾಪಸು ಹೋಗುತ್ತದೆ. ಒಂದು ಕೇಂದ್ರದವರು ತಾವು ಕಳಿಸಿದ ಮಾದರಿಯ ರಿಪೋರ್ಟನ್ನಷ್ಟೇ ನೋಡಬಹುದು. ಆ ತಂತ್ರಾಂಶ ಮಾಡಿಕೊಟ್ಟವರು ನಾವು. ಮದ್ದೂರು ಕೇಂದ್ರದಲ್ಲಿದ್ದ ಒಬ್ಬಾತ ತನ್ನ ದೊಡ್ಡಪ್ಪನ ಮಗನಿಗೆ ಮದುವೆಗೆಂದು ಗೊತ್ತಾಗಿದ್ದ ಹೆಣ್ಣಿನ ಫೋನ್ ನಂಬರನ್ನು ಹಾಕಿ ನೋಡಿದ್ದಾನೆ. ಆಕೆ ಮಳವಳ್ಳಿಯ ಹತ್ತಿರದ ಹಳ್ಳಿಯವರು. ಪರೀಕ್ಷೆ ಮಾಡಿಸುತ್ತಿದ್ದದ್ದು ಮಳವಳ್ಳಿಯಲ್ಲಿ. ಆತನಿಗೆ ಏನೂ ಕಾಣಬಾರದಿತ್ತು. ಆದರೆ ಹಿಂದಿನ ಎಲ್ಲ ರಿಪೋರ್ಟುಗಳೂ ಸಾಲಾಗಿ ತೆರೆದುಕೊಂಡವು. ಆಕೆಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಆತ ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಗಂಡಿನ ತಾಯಿಗೆ ತೋರಿಸಿದ. ವಾರ ಕಳೆಯುವುದರೊಳಗೆ ಗಂಡಿನ ಕಡೆಯವರು ನಿಶ್ಚಿತಾರ್ಥ ಮುಂದಕ್ಕೆ ಹಾಕೋಣ ಎಂದರು. ಮುಂದಕ್ಕೆ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು.

ಡಾಕ್ಟರಮ್ಮ ಆತನನ್ನು ವಿಷಯ ತಿಳಿದ ದಿನವೇ ಕೆಲಸದಿಂದ ತೆಗೆದರು. ಆಮೇಲೆ ನಮ್ಮ ಯಜಮಾನರಿಗೆ ಫೋನು ಮಾಡಿದರು. ಯಜಮಾನರು ನನ್ನನ್ನೂ, ಆ ರಿಪೋರ್ಟಿನ ಭಾಗ ಬರೆದಿದ್ದ ಸಹೋದ್ಯೋಗಿಯನ್ನೂ ಕಾರಿನಲ್ಲಿ ಹತ್ತಿಸಿಕೊಂಡು ಮಳವಳ್ಳಿಗೆ ಹೊರಟರು.

ಆ ಸಹೋದ್ಯೋಗಿಯನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು. ಹಲಗೂರಿನವರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದು, ನಲವತ್ತು ದಾಟಿದ ಮೇಲೆ ಪ್ರೋಗ್ರಾಮ್ ಬರೆಯುವುದನ್ನು ಕಲಿತು ನಮ್ಮಲ್ಲಿಗೆ ಬಂದಿದ್ದವರು.

ತಪ್ಪು ಎಲ್ಲಿತ್ತು ಎಂದು ಹೇಳಬೇಕಾದರೆ ನಮ್ಮ ಫ್ರೇಮ್‌ವರ್ಕಿನ ಬಗ್ಗೆ ಸ್ವಲ್ಪ ಹೇಳಬೇಕು. ಫ್ರೇಮ್‌ವರ್ಕ್ ಅಂದರೆ ಪ್ರತಿ ತಂತ್ರಾಂಶವನ್ನೂ ಮೊದಲಿಂದ ಬರೆಯುವುದು ಬೇಡವೆಂದು ಮಾಡಿಟ್ಟುಕೊಂಡ ಚೌಕಟ್ಟು. ನಮ್ಮದನ್ನು ಯಜಮಾನರು ಕಂಪನಿ ಶುರು ಮಾಡಿದ ದಿನಗಳಲ್ಲಿ ತಾವೇ ಕೂತು ಬರೆದಿದ್ದರು. ಹೊರಗಿನಿಂದ ಕೇಳಿ ಪಡೆಯಬಹುದಾದ ಪ್ರತಿಯೊಂದಕ್ಕೂ ಅದರಲ್ಲಿ ರಿಸೋರ್ಸ್ ಎಂದು ಹೆಸರು. ಒಬ್ಬ ರೋಗಿಯ ವಿವರ ಒಂದು ರಿಸೋರ್ಸು, ಒಂದು ರಿಪೋರ್ಟು ಇನ್ನೊಂದು ರಿಸೋರ್ಸು. ಪ್ರತಿಯೊಂದಕ್ಕೂ ಒಂದು ವಿಳಾಸ, ಆ ವಿಳಾಸಕ್ಕೆ ಯಾರಾದರೂ ಬಂದರೆ ಉತ್ತರ ಕೊಡಲು ಒಂದು ಫಂಕ್ಷನ್, ಅಂದರೆ ಆ ಕೆಲಸಕ್ಕೆಂದೇ ಬರೆದ ಪ್ರೋಗ್ರಾಮಿನ ಒಂದು ತುಂಡು. ಯಾವ ಫಂಕ್ಷನ್ ಯಾವ ವಿಳಾಸಕ್ಕೆ ಎಂದು ತಿಳಿಸಲು ಆ ಫಂಕ್ಷನ್ನಿನ ತಲೆಯ ಮೇಲೆ ಒಂದು ಸಾಲು ಬರೆಯುತ್ತೇವೆ. ಆ ಸಾಲಿಗೆ ಡೆಕೊರೇಟರ್ ಎನ್ನುತ್ತಾರೆ. ಯಜಮಾನರು ಎರಡು ಡೆಕೊರೇಟರು ಮಾಡಿದ್ದರು. ಒಂದು ವಿಳಾಸದ ಸಾಲು. ಇನ್ನೊಂದು ಕಾವಲಿನ ಸಾಲು, ಬಂದವರಿಗೆ ಅನುಮತಿ ಇದೆಯೇ ಎಂದು ನೋಡಿ ಇಲ್ಲದಿದ್ದರೆ ಹಿಂದಕ್ಕೆ ಕಳಿಸುವುದು.

ವಿಳಾಸದ ಸಾಲು ಮೇಲಿರಬೇಕು, ಕಾವಲಿನ ಸಾಲು ಕೆಳಗಿರಬೇಕು. ಕಣ್ಣಿಗೆ ಯಾವುದು ಮೇಲಿದ್ದರೂ ಒಂದೇ ಅನ್ನಿಸುತ್ತದೆ. ಆದರೆ ಕಂಪ್ಯೂಟರು ಈ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ನಡೆಸುತ್ತದೆ. ಕಾವಲು ಮೇಲಿದ್ದರೆ, ಕೆಳಗಿನ ವಿಳಾಸದ ಸಾಲು ಮೊದಲು ನಡೆದು, ಕಾವಲಿಲ್ಲದ ಬರಿಯ ಫಂಕ್ಷನ್ನನ್ನೇ ವಿಳಾಸಕ್ಕೆ ಕಟ್ಟಿಬಿಡುತ್ತದೆ. ಆಮೇಲೆ ಕಾವಲು ಸುತ್ತಿಕೊಂಡರೂ ಆ ಕಾವಲಿನ ಕಡೆಯಿಂದ ಯಾರೂ ಹಾಯುವುದಿಲ್ಲ. ಯಾವ ದೋಷದ ಸೂಚನೆಯೂ ಬರುವುದಿಲ್ಲ. ಓದಿದವರಿಗೆ ಕಾವಲು ಇದೆಯೆಂದೇ ಕಾಣುತ್ತದೆ.

ಮೇಷ್ಟ್ರು ಕಾವಲನ್ನು ಮೇಲೆ ಬರೆದಿದ್ದರು. “ಮೊದ್ಲು ಗೇಟು, ಆಮೇಲೆ ಬಾಗ್ಲು ಅಲ್ವಾ ಕಣಮ್ಮ. ಅಂಗೇ ಅಲ್ವಾ ಯಾರಾದ್ರೂ ಬರೆಯೋದು,” ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿದರು. ಯಜಮಾನರು ಕೇಳಿಸಿಕೊಂಡು, ಯಾವುದು ಮೇಲೆ ಯಾವುದು ಕೆಳಗೆ ಅಂತ ಕೈಪಿಡಿಯಲ್ಲಿ ಬರೆದಿದೆ, ಓದಬೇಕಿತ್ತು ಎಂದರು. ಈ ತಿಂಗಳ ಕೊನೆಗೆ ಮೇಷ್ಟ್ರನ್ನು ಕೆಲಸದಿಂದ ಬಿಡಿಸುವ ಯೋಚನೆ ತಮಗಿದೆಯೆಂದು ವಾಪಸು ಹೋಗುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು ತಿಳಿಸಿದರು.

ಎರಡು ಸಾಲನ್ನು ಅದಲುಬದಲು ಮಾಡಲು ಒಂದು ಗಳಿಗೆ ಸಾಕಾಯಿತು. ಆದರೆ ಡಾಕ್ಟರಮ್ಮ ಇಂಥದ್ದು ಇನ್ನೆಷ್ಟಿದೆ ಎಂದು ಕೇಳಿದರು. ಅಲ್ಲೇ ಹುಡುಕಿದೆ, ಇನ್ನೂ ಕೆಲವು ಸಿಕ್ಕವು. ಎಲ್ಲವನ್ನೂ ಸರಿಮಾಡಿದೆ. ಆಗ ಅವರು ನಾಳೆ ಮತ್ತೊಬ್ಬರು ತಿರುವುಮುರುವು ಬರೆದರೆ ಏನಾಗುತ್ತದೆ ಎಂದರು. ಮತ್ತೆ ಹೀಗೇ ಆಗುತ್ತದೆ ಎಂಬುದು ಉತ್ತರವಾಗಿತ್ತು, ನಾನು ಅದನ್ನೇ ಹೇಳಿದೆ.

“ಹಾಗಾದ್ರೆ ಅದು ಆಗದ ಹಾಗೆ ಮಾಡೋವರೆಗೂ ನಿಮ್ಮಲ್ಲಿ ಒಬ್ಬರು ಇಲ್ಲೇ ಕೂತಿರಬೇಕು,” ಎಂದರು ಡಾಕ್ಟರಮ್ಮ. ಮೇಷ್ಟ್ರು ಬೇಡ ಎಂದೂ ಸೇರಿಸಿದರು.

ಹೀಗೆ ನಾನು ಫ್ರಿಜ್ಜಿನ ಪಕ್ಕಕ್ಕೆ ಬಂದೆ. ಲ್ಯಾಬನ್ನು ಒಂದು ಹೊತ್ತೂ ನಿಲ್ಲಿಸುವಂತಿಲ್ಲ. ಊರಿನ ನರ್ಸಿಂಗ್ ಹೋಮುಗಳು ಆಪರೇಷನ್ನಿಗೆ ಮುಂಚೆ ಇವರ ರಿಪೋರ್ಟಿಗೇ ಕಾಯುತ್ತಿದ್ದವು. ಇದು ಡಾಕ್ಟರಮ್ಮನ ಕಟ್ಟು. ಹಳೆಯ ಎರಡು ಸಾಲಿನ ಪದ್ಧತಿ ಮುರಿಯುವಂತಿಲ್ಲ, ಏಕೆಂದರೆ ಹಾಲಿನ ಡೇರಿ, ಶಾಲೆ, ಸೊಸೈಟಿ ಎಂದು ನಮ್ಮ ಎಲ್ಲ ಗಿರಾಕಿಗಳ ತಂತ್ರಾಂಶವೂ ಅದರ ಮೇಲೇ ನಿಂತಿತ್ತು. ಇದು ಯಜಮಾನರ ಕಟ್ಟು. ಹಳೆಯದು ಹಾಗೇ ಇರಬೇಕು, ಆದರೆ ಹಳೆಯ ತಪ್ಪು ಆಗಬಾರದು. ಮೊದಲ ದಿನ ಇದು ಆಗುವ ಕೆಲಸವೆಂದೇ ನನಗೆ ಅನ್ನಿಸಿತ್ತು.

ಬೆಳಿಗ್ಗೆ ಮದ್ದೂರಿನಿಂದ ಮಳವಳ್ಳಿ ಬಸ್ಸು ಹತ್ತುತ್ತಿದ್ದೆ. ಭಾರತಿನಗರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಇರುವೆಯ ಹಾಗೆ ಹರಿಯುತ್ತಿತ್ತು. ಆ ನಿಧಾನ ನನಗೆ ಹಿತವಾಗಿರುತ್ತಿತ್ತು, ಲ್ಯಾಬು ತಲುಪುವುದು ಅಷ್ಟು ತಡ. ತಲುಪಿದರೆ ಯಾರೂ ನನ್ನನ್ನು ಮಾತಾಡಿಸುತ್ತಿರಲಿಲ್ಲ. ಮದ್ದೂರಿನ ಆತ ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದವನು, ಕೆಲಸ ಕಳೆದುಕೊಂಡಿದ್ದ, ಅದಕ್ಕೆ ಕಂಪ್ಯೂಟರಿನವರೇ ಕಾರಣ ಎಂದು ಅವರಲ್ಲಿ ಅರ್ಧ ಜನ ನಂಬಿದ್ದರು. ಇನ್ನರ್ಧ ಜನರಿಗೆ ಆ ಹೆಣ್ಣುಮಗಳು ಗೊತ್ತಿದ್ದರು, ಅವರಿಗಾದದ್ದಕ್ಕೂ ಕಂಪ್ಯೂಟರಿನವರೇ ಕಾರಣ.

ನಾನು ಮೊದಲು ಯೋಚಿಸಿದ್ದು ಸುಲಭದ ದಾರಿ. ವಿಳಾಸದ ಸಾಲು ತಾನು ಕಟ್ಟಿದ ಪ್ರತಿಯೊಂದರ ಮೇಲೂ ಒಂದು ಗುರುತು ಹಾಕಬೇಕು. ಕಾವಲಿನ ಸಾಲು ನಡೆಯುವಾಗ ಆ ಗುರುತು ಆಗಲೇ ಇದ್ದರೆ, ಅಂದರೆ ತಾನು ತಡವಾಗಿ ಬಂದೆ ಎಂದು ಗೊತ್ತಾದರೆ, ಅಲ್ಲೇ ನಿಂತು ತಂತ್ರಾಂಶ ಶುರುವಾಗದಂತೆ ತಡೆಯಬೇಕು. ಸರಿಯಾಗಿ ಬರೆದ ಹಳೆಯ ಸಾಲುಗಳಿಗೆ ಏನೂ ತೊಂದರೆಯಿಲ್ಲ, ತಿರುಗಿಸಿ ಬರೆದವು ಮಾತ್ರ ಸಿಕ್ಕಿಬೀಳುತ್ತವೆ. ಬರೆದು ನೋಡಿದೆ, ನನ್ನ ಕಂಪ್ಯೂಟರಿನಲ್ಲಿ ಕೆಲವು ರಿಸೋರ್ಸುಗಳ ಮೇಲೆ ಚೆನ್ನಾಗಿ ನಡೆಯಿತು. ಬೆಳಿಗ್ಗೆ ಶುರುವಾಗುವಾಗ ಹೊಸದೇ ನಡೆಯಲೆಂದು ಲ್ಯಾಬಿನ ಕಂಪ್ಯೂಟರಿಗೆ ಹಾಕಿ ಸಂಜೆ ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ನಾನಿನ್ನೂ ಬಸ್ಸಿನಲ್ಲಿರುವಾಗಲೇ ಫೋನು ಬಂತು. ತಂತ್ರಾಂಶ ಶುರುವಾಗುತ್ತಿಲ್ಲ. ಲ್ಯಾಬಿಗೆ ಹೋಗಿ ನೋಡಿದರೆ ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು ಬಾಗಿಲಿನಿಂದ ಆಚೆಗೆ ಬೆಳೆದಿತ್ತು. ಟ್ಯೂಬಿಗೆ ಅಂಟಿಸುವ ಚೀಟಿ ಅಚ್ಚಾಗದೆ ರಕ್ತ ತೆಗೆಯುವಂತಿರಲಿಲ್ಲ. ಒಬ್ಬ ವಯಸ್ಸಾದವರು ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತಿದ್ದರು, ಅವರ ಮಗಳು ಒಳಗೆ ಬಂದು ಕಾಫಿಯಾದರೂ ಕೊಡಬಹುದಾ ಎಂದು ಕೇಳುತ್ತಿದ್ದಳು, ಕೊಡುವಂತಿಲ್ಲ ಎಂದು ಲ್ಯಾಬಿನವರು ಹೇಳುತ್ತಿದ್ದರು. ನಾನು ಅವರೆಲ್ಲರ ನಡುವೆ ತೂರಿಕೊಂಡು ಹಿಂದಿನ ಕೋಣೆಗೆ ಹೋಗಿ ಹಳೆಯದನ್ನೇ ವಾಪಸು ಹಾಕಿದೆ.

ಕಾರಣ ಸಣ್ಣದು. ಕೆಲವು ರಿಸೋರ್ಸುಗಳನ್ನು ನಾವು ಕ್ಲಾಸ್ ಎಂಬ ರೂಪದಲ್ಲಿ ಬರೆದಿದ್ದೆವು. ಒಂದು ತಾಯಿ ಕ್ಲಾಸಿನಿಂದ ಇನ್ನೊಂದು ಮಗಳು ಕ್ಲಾಸನ್ನು ಮಾಡಿಕೊಳ್ಳಬಹುದು, ತಾಯಿಗಿರುವುದೆಲ್ಲ ಮಗಳಿಗೂ ಬರುತ್ತದೆ. ನಾನು ಹಾಕಿದ ಗುರುತೂ ಹಾಗೇ ಇಳಿದು ಬಂದಿತ್ತು. ಮಗಳಿಗೆ ಇನ್ನೂ ವಿಳಾಸವನ್ನೇ ಕಟ್ಟಿರಲಿಲ್ಲ, ಆದರೂ ಗುರುತು ಇದ್ದುದರಿಂದ ಕಾವಲಿನ ಸಾಲು ಹೆದರಿ ಎಲ್ಲವನ್ನೂ ನಿಲ್ಲಿಸಿತ್ತು. ಗುರುತು ಸ್ವಂತದ್ದೋ ತಾಯಿಯದ್ದೋ ಎಂದು ನೋಡುವ ಹಾಗೆ ತಿದ್ದಿದೆ. ತಿದ್ದುವಾಗ ಇನ್ನೂ ದೊಡ್ಡದೊಂದು ಕಣ್ಣಿಗೆ ಬಿತ್ತು. ಕಾವಲಿನ ಸಾಲನ್ನು ಬರೆಯುವುದನ್ನೇ ಮರೆತರೆ? ಆಗ ತಡೆಯುವುದಕ್ಕೆ ಯಾವ ಸಾಲೂ ನಡೆಯುವುದೇ ಇಲ್ಲ. ಇಲ್ಲದ ಕಾವಲು ತಾನಿಲ್ಲವೆಂದು ಹೇಗೆ ಹೇಳೀತು?

ಎರಡನೆಯ ದಾರಿ ಇನ್ನೂ ಸುತ್ತಿನದು. ವಿಳಾಸದ ಸಾಲು ಏನನ್ನೂ ಕಟ್ಟಬಾರದು. ಇಂಥ ವಿಳಾಸ ಬೇಕು ಎಂದು ಫಂಕ್ಷನ್ನಿನ ಮೇಲೆ ಬರೆದಿಟ್ಟು ಸುಮ್ಮನಾಗಬೇಕು. ಎಲ್ಲ ಸಾಲುಗಳೂ ನಡೆದು ಮುಗಿದ ಮೇಲೆ ತಂತ್ರಾಂಶದ್ದೇ ಇನ್ನೊಂದು ಭಾಗ ಬಂದು ಎಲ್ಲವನ್ನೂ ನೋಡಿ ಒಟ್ಟಿಗೆ ಕಟ್ಟಬೇಕು. ಆಗ ಯಾವುದು ಮೇಲೆ ಯಾವುದು ಕೆಳಗೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಇದು ನನಗೆ ತುಂಬ ಹಿಡಿಸಿತು. ಆದರೆ ಈ ಸಲ ಹಲಗೂರು ಕೇಂದ್ರದಲ್ಲಿ ರಿಪೋರ್ಟು ಅಚ್ಚಾಗುವುದು ನಿಂತಿತು. ಯಾರೋ ಎರಡು ಸಾಲಿನ ನಡುವೆ ಮೂರನೆಯ ಡೆಕೊರೇಟರೊಂದನ್ನು ಸೇರಿಸಿದ್ದರು, ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆಯಲು. ಅದು ಒಳಗಿನ ಫಂಕ್ಷನ್ನನ್ನು ಸುತ್ತಿಕೊಳ್ಳುವಾಗ ಅದರ ಮೇಲಿನ ಬರಹವನ್ನು ಹೊರಗೆ ತರುತ್ತಿರಲಿಲ್ಲ. ಕೊನೆಗೆ ಕಟ್ಟಲು ಬಂದ ಭಾಗಕ್ಕೆ ಅಲ್ಲಿ ಯಾವ ಬರಹವೂ ಸಿಗದೆ, ಅದನ್ನು ಕಟ್ಟದೆಯೇ ಮುಂದಕ್ಕೆ ಹೋಗಿತ್ತು.

ಒಂದನ್ನು ಹಿಡಿದರೆ ಇನ್ನೊಂದು ಕೈತಪ್ಪುತ್ತಿತ್ತು. ನಾನು ಕಂಡುಹಿಡಿದ ಪ್ರತಿ ಉಪಾಯವೂ ಹಳೆಯ ಸಾಲನ್ನು ಊಹೆ ಮಾಡುವ ಉಪಾಯವೇ ಆಗಿತ್ತು. ಬರೆದವರು ಏನನ್ನು ಉದ್ದೇಶಿಸಿದ್ದರು, ತಾಯಿ ಕ್ಲಾಸಿನಿಂದ ಏನು ಬಂದಿರಬಹುದು, ನಡುವೆ ಏನಿದೆ. ಊಹೆ ಸರಿಯಾದರೆ ಉಳಿದೆವು. ಬೆಳಿಗ್ಗೆ ಬಂದಾಗ ಹೊರಗಿನ ಬೆಂಚುಗಳಲ್ಲಿ ಜನ ತುಂಬಿರುತ್ತಿದ್ದರು, ಯಂತ್ರ ತಿರುಗಲು ಶುರುವಾದರೆ ಮಧ್ಯಾಹ್ನದವರೆಗೂ ನಿಲ್ಲುತ್ತಿರಲಿಲ್ಲ, ನನಗೆ ಏಳಲೂ ಆಗುತ್ತಿರಲಿಲ್ಲ. ಸ್ಪಿರಿಟ್ಟಿನ ವಾಸನೆ ಸೀರೆಯಲ್ಲಿ ಕೂತು ಮನೆಗೂ ಬರುತ್ತಿತ್ತು. ಕೆಲಸ ಬಿಡುವ ಯೋಚನೆ ಬಂತು. ಬಿಟ್ಟರೆ ಮೇಷ್ಟ್ರ ತಲೆಯ ಮೇಲೆ ಎಲ್ಲವೂ ಬೀಳುತ್ತದೆ ಎಂದೂ ಗೊತ್ತಿತ್ತು. ಯಜಮಾನರಿಗೆ ಫೋನು ಮಾಡಿ ಹಳೆಯದನ್ನು ಮುರಿಯದೆ ಇದು ಆಗುವುದಿಲ್ಲ ಅನ್ನಿಸುತ್ತಿದೆ ಎಂದೆ. ಅವರು ಇನ್ನೊಂದು ಸಲ ಯೋಚನೆ ಮಾಡು ಎಂದರು. ಮಾರನೆಯ ದಿನ ಮತ್ತೆ ಹೇಳಿದಾಗಲೂ ಅದನ್ನೇ ಹೇಳಿದರು.

ರಿಪೋರ್ಟು ಬಯಲಾಗಿದ್ದ ಆ ಹೆಣ್ಣುಮಗಳು ಬಂದದ್ದು ಅಂಥ ಒಂದು ಬೆಳಿಗ್ಗೆ. ಪರೀಕ್ಷೆಗೆ ರಕ್ತ ಕೊಟ್ಟು, ಕಂಪ್ಯೂಟರಿನವರು ಯಾರು ಎಂದು ಕೇಳಿಕೊಂಡು ನೇರವಾಗಿ ಹಿಂದಿನ ಕೋಣೆಗೆ ಬಂದರು. ನನಗಿಂತ ಚಿಕ್ಕವರು. ಮದ್ದೂರಿನ ಗಾರ್ಮೆಂಟ್ಸಿನಲ್ಲಿ ಒಂದು ಲೈನಿನ ಸೂಪರ್‌ವೈಸರ್ ಎಂದು ಆಮೇಲೆ ತಿಳಿಯಿತು. ಮೊಣಕೈ ಮಡಿಸಿ ಹತ್ತಿಯನ್ನು ಒತ್ತಿಕೊಂಡಿದ್ದರು. ಯಂತ್ರ ತಿರುಗುತ್ತಿತ್ತು, ಎದ್ದು ನಿಲ್ಲಲು ನನಗಾಗಲಿಲ್ಲ. ಕೂತೇ ಕೈ ಮುಗಿದೆ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿಕೊಂಡು ಹೇಳಿದರು: “ನಂಗೆ ಸಕ್ಕರೆ ಇರೋದ್ನ ಮುಚ್ಚಿಡೋ ಯೋಚ್ನೆ ನಂಗಿರ್ನಿಲ್ಲ ಕಣಮ್ಮ. ಆ ಭಾನ್ವಾರ ಅವ್ರುನ್ನ ಕರ್ದು ನಾನೇ ಯೋಳವ ಅಂತಿದ್ದೆ. ಎಂಗೆ ಯೋಳ್ಬೇಕು ಅಂತ ಬಸ್ಸಲ್ಲಿ ಕೂತ್ಕಂಡು ಕಲ್ತೂ ಇದ್ದೆ. ಅಷ್ಟ್ರಲ್ಲಿ ಮುಚ್ಚಿಟ್ಟೋಳು ಅನ್ನಿಸ್ಕಂಡೆ.”

ಈಗ ಅದನ್ನು ಮುಚ್ಚಿದ್ದೇವೆ, ಮದ್ದೂರಿನಿಂದ ತೆರೆಯುವುದಿಲ್ಲ ಎಂದೆ.

“ನನ್ನ ರಿಪೋರ್ಟ್ನ ಯಾರ್ಯಾರು ನೋಡ್ಬೋದು ಅಂತ ಎಲ್ಲಿ ಬರ್ದಿದೀರಿ? ತೋರ್ಸಿ, ನೋಡ್ತೀನಿ.”

ತೋರಿಸಲು ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿದೆ. ರಿಪೋರ್ಟಿನ ಫೈಲನ್ನು ತೆರೆದೆ. ಕಾವಲಿನ ಸಾಲು ಇತ್ತು, ಆದರೆ ಅದರಲ್ಲಿ ಕೇಂದ್ರದವರು ಎಂದಷ್ಟೇ ಇತ್ತು. ಯಾವ ಕೇಂದ್ರ ಎಂಬುದು ತಾಯಿ ಕ್ಲಾಸಿನಲ್ಲಿತ್ತು. ಆ ಫೈಲನ್ನು ತೆರೆದೆ. ಅದು ಇನ್ನೊಂದು ಸೆಟ್ಟಿಂಗ್ಸ್ ಫೈಲಿಗೆ ಬೊಟ್ಟು ಮಾಡುತ್ತಿತ್ತು. ಅದನ್ನೂ ತೆರೆದೆ. ಅಷ್ಟು ಹೊತ್ತೂ ಅವರು ಪರದೆಯನ್ನೇ ನೋಡುತ್ತಿದ್ದರು. ಕೊನೆಗೆ ನಾನೇ ನಿಲ್ಲಿಸಿದೆ. ಒಂದು ಕಡೆ ಬರೆದಿಲ್ಲ, ಚೂರುಚೂರಾಗಿ ಇದೆ ಎಂದೆ. ಅವರು ತಲೆಯಾಡಿಸಿ, ಹತ್ತಿಯನ್ನು ಬುಟ್ಟಿಗೆ ಹಾಕಿ, ಡ್ಯೂಟಿಗೆ ಹೊತ್ತಾಯಿತೆಂದು ಹೊರಟುಹೋದರು.

ಅವರು ಹೋದ ಮೇಲೆ ಮಾಡುತ್ತಿದ್ದ ಕೆಲಸವನ್ನು ಮುಚ್ಚಿಟ್ಟೆ. ಒಂದು ಹೊಸ ಫೈಲನ್ನು ತೆರೆದು ಒಂದೇ ಒಂದು ಡೆಕೊರೇಟರ್ ಬರೆದೆ. ಅದರಲ್ಲಿ ಎರಡು ಸಂಗತಿ ಇರಲೇಬೇಕು: ವಿಳಾಸ ಯಾವುದು, ಯಾರು ನೋಡಬಹುದು. ಎರಡನೆಯದನ್ನು ಹೇಳದಿದ್ದರೆ ಆ ಸಾಲು ನಡೆಯುವುದಿಲ್ಲ, ತಂತ್ರಾಂಶ ಶುರುವಾಗುವುದಿಲ್ಲ. ತಾಯಿ ಕ್ಲಾಸು ಏನೇ ಹೇಳಿದ್ದರೂ ಮಗಳು ಕ್ಲಾಸು ಮತ್ತೆ ತಾನೇ ಹೇಳಬೇಕು, ಇದರಲ್ಲಿ ಮಾತ್ರ ಏನೂ ಇಳಿದು ಬರುವುದಿಲ್ಲ. ಎಲ್ಲರಿಗೂ ತೆರೆದಿರುವ ವಿಳಾಸವಾದರೆ “ಯಾರು ಬೇಕಾದರೂ ನೋಡಬಹುದು” ಎಂದು ಪೂರ್ತಿ ಬರೆಯಬೇಕು, ಅದಕ್ಕೆ ಚುಟುಕಾದ ರೂಪ ಇಟ್ಟುಕೊಳ್ಳಲಿಲ್ಲ. ಶುರುವಾಗುವ ಹೊತ್ತಿಗೆ ಪ್ರತಿ ವಿಳಾಸದ ಎದುರಿಗೆ ಯಾರು ನೋಡಬಹುದೆಂಬುದು ಪರದೆಯ ಮೇಲೆ ಬರಬೇಕು, ಕೇಳಿದವರಿಗೆ ತೋರಿಸುವ ಹಾಗೆ. ಹಳೆಯ ಎರಡೂ ಸಾಲುಗಳನ್ನು ತೆಗೆದುಹಾಕಬೇಕು. ಅಂದರೆ ಹಳೆಯ ಪದ್ಧತಿಯಲ್ಲಿ ಬರೆದ ಒಂದೇ ಒಂದು ರಿಸೋರ್ಸೂ ಇದರಲ್ಲಿ ನಡೆಯುವುದಿಲ್ಲ.

ಅವತ್ತು ಯಜಮಾನರಿಗೆ ಯೋಚಿಸುತ್ತಿದ್ದೇನೆ ಎನ್ನಲಿಲ್ಲ. ಹಳೆಯದನ್ನು ತೆಗೆಯುತ್ತೇನೆ ಎಂದೆ.

“ತೆಗೆದ್ರೆ ಎಲ್ಲಾರ್ದೂ ನಿಂತೋಗುತ್ತೆ ಕಣಮ್ಮ.”

“ನಿಲ್ಲಬೇಕು ಅಂತಲೇ ಸರ್. ಹೇಳದೇ ಇರೋದು ನಿಲ್ಲಬೇಕು.”

ಅವರು ನಾಳೆ ಬರುತ್ತೇನೆ ಎಂದು ಫೋನಿಟ್ಟರು. ಮರುದಿನ ಬಂದರು, ಮೇಷ್ಟ್ರನ್ನೂ ಕರೆದುಕೊಂಡು. ಡಾಕ್ಟರಮ್ಮ ಮೇಷ್ಟ್ರನ್ನು ನೋಡಿದರೂ ಬೇಡ ಎನ್ನಲಿಲ್ಲ. ಕೋಣೆಯಲ್ಲಿ ಜಾಗವಿಲ್ಲದೆ ಯಜಮಾನರು ಸ್ಟೂಲಿನ ಮೇಲೆ ಕೂತರು, ಮೇಷ್ಟ್ರು ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತರು. ನಾನು ವಾದ ಮಾಡಲಿಲ್ಲ. ಲ್ಯಾಬಿನಲ್ಲೇ ಮಾಡುತ್ತಿದ್ದ ಸ್ಕ್ಯಾನಿಂಗ್ ಚಿತ್ರಗಳ ರಿಸೋರ್ಸನ್ನು ತೆರೆದು, ಇದನ್ನು ಮದ್ದೂರಿನವರು ನೋಡಬಹುದೋ ಇಲ್ಲವೋ ಓದಿ ಹೇಳಿ ಸರ್ ಎಂದೆ. ಆ ಫ್ರೇಮ್‌ವರ್ಕಿನ ಒಂದೊಂದು ಅಕ್ಷರವೂ ಅವರ ಕೈಯದ್ದೇ. ಕನ್ನಡಕ ಏರಿಸಿ ಫೈಲನ್ನು ಓದಿದರು, ಅದರ ತಾಯಿ ಕ್ಲಾಸಿಗೆ ಹೋದರು, ಸೆಟ್ಟಿಂಗ್ಸಿಗೆ ಹೋದರು, ವಾಪಸು ಬಂದರು. ಇಲ್ಲ, ಮದ್ದೂರಿಗೆ ಕಾಣಲ್ಲ ಎಂದರು. ನಾನು ಮದ್ದೂರು ಕೇಂದ್ರದ ಹೆಸರಿನಲ್ಲಿ ಒಳಹೋಗಿ ಆ ವಿಳಾಸವನ್ನು ಹೊಡೆದೆ. ಅದು ತೆರೆಯುತ್ತದೆಂದು ನನಗೂ ಮುಂಚಿನ ದಿನವಷ್ಟೇ ಗೊತ್ತಾಗಿತ್ತು. ಚಿತ್ರ ತೆರೆದುಕೊಂಡಿತು. ಅಲ್ಲಿ ಕಾವಲಿನ ಸಾಲೇ ಇರಲಿಲ್ಲ. ತಾಯಿಯ ಕಾವಲು ಸಾಕೆಂದು ಯಾರೋ ಬಿಟ್ಟಿದ್ದರು, ಮಗಳು ಹೊಸ ಫಂಕ್ಷನ್ ಬರೆದುಕೊಂಡಾಗ ತಾಯಿಯದು ಅದಕ್ಕೆ ಅನ್ವಯಿಸುತ್ತಿರಲಿಲ್ಲ.

ಮೂವರೂ ಪರದೆ ನೋಡುತ್ತಿದ್ದೆವು. ಯಂತ್ರ ತಿರುಗಿ ತಿರುಗಿ ನಿಂತಿತು.

“ಇದ್ನ ಯಾರು ಬರ್ದಿದ್ದು?” ಎಂದು ಕೇಳಿ, ಯಜಮಾನರು ನಾವು ಉತ್ತರ ಕೊಡುವ ಮುಂಚೆಯೇ ಕೈ ಅಡ್ಡ ಮಾಡಿದರು. “ಬೇಡ ಬುಡು. ಯಾರು ಬರ್ದಿದ್ರೂ ಅಷ್ಟೇ.” ಆಮೇಲೆ, ಹೊಸದನ್ನು ಮಾಡು, ಬೇರೆ ಗಿರಾಕಿಗಳಿಗೆ ನಾನೇ ಹೇಳುತ್ತೇನೆ, ಅವರು ಒಪ್ಪುವವರೆಗೂ ಹಳೆಯದರಲ್ಲೇ ಇರಲಿ, ಲ್ಯಾಬಿನದು ಮೊದಲು ಆಗಲಿ ಎಂದರು. ಒಂದೇ ಒಂದು ವಿಷಯದಲ್ಲಿ ಎಳೆದಾಡಿದರು. ಯಾರು ನೋಡಬಹುದೆಂದು ಹೇಳದಿದ್ದರೆ ಯಾರೂ ನೋಡಬಾರದು ಎಂದು ತಂತ್ರಾಂಶವೇ ತಿಳಿದುಕೊಳ್ಳಲಿ, ಶುರುವಾಗುವುದನ್ನು ಯಾಕೆ ತಡೆಯಬೇಕು ಎಂಬುದು ಅವರ ಮಾತು. ಅದಕ್ಕೆ ಉತ್ತರ ಕೊಟ್ಟವರು ಮೇಷ್ಟ್ರು. ಹಾಗೆ ಮಾಡಿದರೆ ಪುಟ ತೆರೆಯುವುದಿಲ್ಲ, ಗಿರಾಕಿ ಫೋನು ಮಾಡುತ್ತಾನೆ, ಅವಸರದಲ್ಲಿ ಎಲ್ಲರಿಗೂ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ, ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ ಎಂದರು. ಮೂವರೂ ಕಾರಿನಲ್ಲಿ ಬಂದ ಆ ಮೊದಲ ದಿನದ ನಂತರ ಅವರು ಯಜಮಾನರ ಎದುರು ಬಾಯಿ ಬಿಟ್ಟದ್ದು ಅದೇ ಮೊದಲು. ತಿಂಗಳ ಕೊನೆಯ ಮಾತನ್ನು ಯಜಮಾನರು ಆಮೇಲೆ ಎತ್ತಲಿಲ್ಲ.

ಬಿಡುಗಡೆಯಾಯಿತು ಎಂದುಕೊಂಡಿದ್ದೆ. ಆದರೆ ಕಷ್ಟದ ಭಾಗ ಅಲ್ಲಿಂದಲೇ ಶುರುವಾಯಿತು. ಹಳೆಯದು ಒಂದು ಕಡೆ ಲ್ಯಾಬನ್ನು ನಡೆಸುತ್ತಲೇ ಇತ್ತು. ಪಕ್ಕದಲ್ಲಿ ಹೊಸದನ್ನು ಕಟ್ಟುತ್ತಾ ಹೋದೆವು. ಮೇಷ್ಟ್ರು ಹಲಗೂರಿನಿಂದ ಬರುತ್ತಿದ್ದರು, ನಾನು ಮದ್ದೂರಿನಿಂದ. ಒಂದೊಂದು ರಿಸೋರ್ಸನ್ನೂ ಎತ್ತಿ, ಇದನ್ನು ಯಾರು ನೋಡಬಹುದು ಎಂದು ಕೇಳಿಕೊಂಡರೆ ನಮ್ಮಿಬ್ಬರಿಗೂ ಗೊತ್ತಿರುತ್ತಿರಲಿಲ್ಲ. ಇಷ್ಟು ದಿನ ಯಾರೂ ಆ ಪ್ರಶ್ನೆಯನ್ನು ಕೇಳಿಯೇ ಇರಲಿಲ್ಲ. ಡಾಕ್ಟರಮ್ಮನನ್ನು ಕರೆಯಬೇಕಾಗುತ್ತಿತ್ತು. ಮೊದಮೊದಲು ಬಾಗಿಲಲ್ಲಿ ನಿಂತು ಹೇಳಿ ಹೋಗುತ್ತಿದ್ದರು. ಆಮೇಲೆ ಸ್ಟೂಲನ್ನು ಎಳೆದುಕೊಂಡು ಕೂತರು. ಕೆಲವಕ್ಕೆ ಅವರಿಗೂ ಉತ್ತರ ತಿಳಿಯದೆ ಬೇರೆ ಡಾಕ್ಟರುಗಳಿಗೆ ಫೋನು ಮಾಡಿದರು. ಗಂಡ ದುಡ್ಡು ಕೊಟ್ಟು ಮಾಡಿಸಿದ ಹೆಂಡತಿಯ ಪರೀಕ್ಷೆಯ ರಿಪೋರ್ಟನ್ನು ಆಕೆಗೆ ಗೊತ್ತಿಲ್ಲದೆ ಗಂಡ ನೋಡಬಹುದೇ ಎಂಬ ಒಂದು ಪ್ರಶ್ನೆಗೆ ಅವರು ಒಂದು ಇಡೀ ಮಧ್ಯಾಹ್ನ ತೆಗೆದುಕೊಂಡರು. ನೋಡುವಂತಿಲ್ಲ ಎಂದು ಕೊನೆಗೆ ಬರೆಸಿದರು.

ಅಷ್ಟು ದಿನವೂ ಹೊಸ ತಂತ್ರಾಂಶ ಶುರುವಾಗಲು ಒಪ್ಪಲಿಲ್ಲ. ದಿನಾ ಸಂಜೆ ನಡೆಸಿ ನೋಡುತ್ತಿದ್ದೆ. ಇಂಥ ವಿಳಾಸಕ್ಕೆ ಯಾರು ನೋಡಬಹುದೆಂದು ಹೇಳಿಲ್ಲ ಎಂದು ನಿಲ್ಲುತ್ತಿತ್ತು. ಅದನ್ನು ನಾನೇ ಹಾಗೆ ಮಾಡಿದ್ದು, ಆದರೂ ಕೆಲವು ಸಂಜೆ ಲ್ಯಾಪ್‌ಟಾಪನ್ನು ಎತ್ತಿ ಎಸೆಯುವಷ್ಟು ಸಿಟ್ಟು ಬರುತ್ತಿತ್ತು. ಒಂದು ಸಂಜೆ ಅದು ಯಾವ ತಕರಾರೂ ಇಲ್ಲದೆ ಶುರುವಾಯಿತು. ಮೇಷ್ಟ್ರು ಏನೋ ಮರೆತಿದ್ದೀವಿ ಕಣಮ್ಮ ಎಂದು ಇನ್ನೊಮ್ಮೆ ನಡೆಸಿದರು. ಮತ್ತೆ ಶುರುವಾಯಿತು. ಪರದೆಯ ಮೇಲೆ ವಿಳಾಸಗಳು, ಅವುಗಳ ಎದುರಿಗೆ ಜನ, ಒಂದರ ಕೆಳಗೊಂದು ಇಳಿದವು.

ಲ್ಯಾಬು ಅದಕ್ಕೆ ಬದಲಾದ ದಿನ ಯಜಮಾನರೇ ತಮ್ಮ ಲಾಗಿನ್ನಿನಿಂದ ಒಂದು ರಿಪೋರ್ಟು ತೆರೆಯಲು ನೋಡಿದರು. ಆಗಲಿಲ್ಲ. ನಂಗೂ ಇಲ್ವಾ ಎಂದರು. ನಿಮಗೂ ಇಲ್ಲ ಸರ್, ನನಗೂ ಇಲ್ಲ ಎಂದೆ. ಡಾಕ್ಟರಮ್ಮ ನನ್ನ ಕಡೆ ತಿರುಗಿ, ನಾಳೆಯಿಂದ ಬರಬೇಕಾಗಿಲ್ಲ ಎಂದರು.

ಕೆಲವು ವಾರಗಳ ಮೇಲೆ ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಆ ಹೆಣ್ಣುಮಗಳೇ ನನ್ನನ್ನು ಗುರುತು ಹಿಡಿದು ಮಾತಾಡಿಸಿದರು. ಊಟದ ಬಿಡುವಿನಲ್ಲಿ ಮದ್ದೂರು ಕೇಂದ್ರಕ್ಕೆ ತಾವೇ ಹೋಗಿ, ತಮ್ಮ ನಂಬರನ್ನು ಕೊಟ್ಟು ರಿಪೋರ್ಟು ಕೇಳಿದ್ದರಂತೆ. ಇಲ್ಲಿಂದ ತೆಗೆಯಲು ಬರುವುದಿಲ್ಲ ಎಂದರಂತೆ. ನನಗೆ ಖುಷಿಯಾದದ್ದು ಮುಖದಲ್ಲಿ ಕಂಡಿರಬೇಕು.

“ನೀವು ಮುಚ್ಚಿದ್ದು ಮುಂದ್ಲೋರ್ಗೆ ಆಯ್ತು,” ಎಂದರು ಅವರು. “ನಂದು ಓಗಿದ್ದು ಓಯ್ತು. ಆ ಸಂಬಂಧ ಬುಟ್ಟೋಯ್ತು.”

ಬಸ್ಸು ಬರುವವರೆಗೂ ಇಬ್ಬರೂ ನಿಂತಿದ್ದೆವು. ಅವರದೇ ಮೊದಲು ಬಂತು. ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ತಿರುಗಿ, “ನಾನು ಬೇಕು ಅಂದೋರ್ಗೆ ತೋರ್ಸೋ ಅಂಗೆ ಮಾಡಕಾಯ್ತದಾ? ನಾನು ಬೇಡ ಅಂದಾಗ ಅವ್ರ್ಗೆ ಕಾಣ್ಬಾರ್ದು,” ಎಂದು ಕೇಳಿದರು.

ಆಗುತ್ತದೆ ಎಂದೆ. ಫೋನಿನಲ್ಲಿ ಕೇಳಿದೆ, ಡಾಕ್ಟರಮ್ಮ ಒಪ್ಪಿದರು. ಆ ವಾರ ಮಂಡ್ಯದ ಆಫೀಸಿನಲ್ಲಿ ಕೂತು ಅದನ್ನು ಬರೆದೆ. ಯಾರು ನೋಡಬಹುದು ಎಂಬಲ್ಲಿ “ರೋಗಿ ಹೇಳಿದವರು” ಎಂದು ಹಾಕಿದೆ. ಆ ಡೆಕೊರೇಟರಿಗೆ ಏನೂ ಬದಲಾವಣೆ ಬೇಕಾಗಲಿಲ್ಲ.

ಲ್ಯಾಬಿನಲ್ಲಿ ಅದು ಶುರುವಾದ ಮೇಲೆ ಆ ಹೆಣ್ಣುಮಗಳು ಫೋನು ಮಾಡಿ, ಒಂದು ಹೆಸರು ಹಾಕಿದ್ದೇನೆ ಎಂದರು. ಯಾರದ್ದೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಪರದೆಯಲ್ಲಿ ಯಾರೋ ಒಬ್ಬರು ಒಂದು ಹೆಸರನ್ನು ಸೇರಿಸಿದ್ದಾರೆ ಎಂದಷ್ಟೇ ಕಾಣುತ್ತದೆ. ಅದಕ್ಕಿಂತ ಹೆಚ್ಚು ನೋಡಲು ನನಗೆ ಅನುಮತಿಯಿಲ್ಲ.